ಬಾಗಿದ ಕಿರುಬೆರಳು

ಬೆಸುಗೆಯ ಹೊಗೆ, ಅದರ ಜೊತೆಗೊಂದಿಷ್ಟು ಸೀಮೆಸುಣ್ಣದ ಪುಡಿ. ಚಿಕ್ಕಂದಿನಲ್ಲಿ ಅಮ್ಮ ಹೊದಿಕೆ ಸರಿಪಡಿಸಲು ಬಗ್ಗಿದಾಗಲೆಲ್ಲ ಮೂಗಿಗೆ ಬಡಿಯುತ್ತಿದ್ದ ಆ ವಾಸನೆಯನ್ನು ಮಗಳು ಈಗಲೂ ಹುಡುಕುತ್ತಿದ್ದಳು. ಒದ್ದೆ ಬಟ್ಟೆಯಿಂದ ಅಮ್ಮನ ಎಡಗೈ ಒರೆಸುತ್ತ ಒಮ್ಮೆ ಮೂಸಿಯೂ ನೋಡಿದಳು. ಬರೀ ಆಸ್ಪತ್ರೆಯ ಸೋಪು.

"ಸಾಕು, ಕೈ ಒಳಗಿಡೇ," ಎನ್ನುತ್ತ ಚಿಕ್ಕಮ್ಮ ಬಿಳಿ ಹೊದಿಕೆ ಎಳೆದಳು. "ಅಕ್ಕ ಆ ಬೆರಳನ್ನ ಯಾರಿಗೂ ತೋರಿಸ್ತಿರಲಿಲ್ಲ."

"ಇವತ್ತು ತೋರಿಸ್ಲಿ ಚಿಕ್ಕಮ್ಮ. ಅಯಸ್ಕಾಂತ ಬರ್ತಿದಾರೆ."

ಅಯಸ್ಕಾಂತ ಎಂದರೆ ಅಮ್ಮ ಪಾಠ ಮಾಡುತ್ತಿದ್ದ ಭೌತಶಾಸ್ತ್ರ ವಿಭಾಗದ ಹಳೆಯ ಮುಖ್ಯಸ್ಥರು. ಯಾರು ದುಡಿದರೂ ಹೆಸರು ಹೋಗಿ ಅವರಿಗೇ ಅಂಟಿಕೊಳ್ಳುತ್ತದೆಂದು ವಿದ್ಯಾರ್ಥಿಗಳು ಇಟ್ಟ ಅಡ್ಡಹೆಸರು ಅದು.

"ಸಾವಿನ ಮನೇಲಿ ಜಗಳ ತೆಗೀಬೇಡ ಕಣೇ."

"ಜಗಳ ಯಾಕೆ? ಒಂದು ಬೆರಳು ತೋರಿಸ್ತೀನಿ, ಅಷ್ಟೆ."

ಬಾಲ್ಯದಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಒಳಕ್ಕೆ ಬಾಗಿದ್ದ ಕಿರುಬೆರಳು. ಪಾಠ ಮಾಡುವಾಗ ಅಮ್ಮ ಆ ಕೈಯನ್ನು ಬಿಳಿ ಕೋಟಿನ ಜೇಬಿನಿಂದ ಹೊರಗೆ ತೆಗೆದದ್ದೇ ಇಲ್ಲ.

*

ಮಗಳು ಚಿಕ್ಕವಳಿದ್ದಾಗಿನ ಮಾತು; ಅವತ್ತು ಶಾಲೆಗೆ ರಜೆ. ಕಾಲೇಜಿನ ನೆಲಮಾಳಿಗೆಯಲ್ಲಿ, ತಾನೇ ತಾಮ್ರದ ತಂತಿ ಸುತ್ತಿ ಕಟ್ಟಿದ್ದ ಯಂತ್ರದೊಳಗೆ ಎಡಗೈ ಇಟ್ಟು ಅಮ್ಮ ಮಲಗಿದ್ದಳು. ಚರ್ಮ ಕುಯ್ಯದೆ ಒಳಗಿನದ್ದನ್ನೆಲ್ಲ ತೋರಿಸುವ ಸ್ಕ್ಯಾನ್ ಯಂತ್ರ.

"ಕೆಮ್ಮಬೇಡ, ನನ್ನ ನಗಿಸಬೇಡ," ಎಂದು ಸ್ಟೂಲಿನ ಮೇಲೆ ಕೂತ ಮಗಳಿಗೆ ತಾಕೀತು. ಪರದೆಯ ಮೇಲೆ ಗೆರೆಗೆರೆಯಾಗಿ ಕೈ ಮೂಡಿತು. ಮುಖ್ಯಸ್ಥರು ಆ ದಿನ ಊರಲ್ಲೇ ಇರಲಿಲ್ಲ.

ಆದರೂ ಚಿತ್ರ ಅವರ ಹೆಸರಿನಲ್ಲಿ ಅಚ್ಚಾಯಿತು. ಕೈ ತಮ್ಮದೇ ಎಂದರು. ಕಿರುಬೆರಳು ಸೊಟ್ಟಗಿದೆಯಲ್ಲ ಎಂದು ಯಾರೋ ಕೇಳಿದ್ದಕ್ಕೆ, ಕೊನೆಯಲ್ಲಿ ಬೆರಳು ಅಲುಗಿತು, ಅದು ಚಿತ್ರದ ದೋಷ ಎಂದು ಹೇಳಿಬಿಟ್ಟರು. ಆ ದೋಷ ಪಠ್ಯಪುಸ್ತಕಕ್ಕೂ ಏರಿತು.

"ನನ್ನ ಬೆರಳನ್ನೇ ತಪ್ಪು ಅಂತ ಪಾಠ ಮಾಡಿ ಬಂದೆ ಕಣೇ," ಎಂದು ಅಮ್ಮ ನಗುತ್ತಿದ್ದಳು. "ಬಾಯಿ ಬಿಟ್ರೆ ಯಂತ್ರದ ಕೋಣೆಗೆ ಬೀಗ ಬೀಳತ್ತೆ."

ಮಗಳಿಗೆ ಒಂದು ಸಲವೂ ನಗು ಬಂದಿರಲಿಲ್ಲ.

*

ಹಜಾರ ತುಂಬಿತ್ತು. ಅಯಸ್ಕಾಂತರು ಬಂದು ಅಮ್ಮನ ತಲೆಯ ಬಳಿ ನಿಂತರು.

"ಮೇಡಂ ನನಗೆ ಬಲಗೈ ಇದ್ದ ಹಾಗೆ," ಎಂದರು.

"ಎಡಗೈ, ಸಾರ್," ಎಂದಳು ಮಗಳು, ಹೊದಿಕೆಯ ಮೇಲಿದ್ದ ಕೈ ತೋರಿಸಿ. "ಗುರುತು ಸಿಕ್ತಾ?"

ಹೂವಿಡಲು ಬಗ್ಗಿದ್ದ, ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡುವ ಡಾಕ್ಟರೊಬ್ಬಳು ಬಗ್ಗಿದ ಹಾಗೇ ನಿಂತುಬಿಟ್ಟಳು. ಅವಳು ಅಮ್ಮನ ಶಿಷ್ಯೆ. ಆ ಚಿತ್ರವನ್ನು ವರ್ಷವರ್ಷವೂ ಕಿರಿಯರಿಗೆ ತೋರಿಸುತ್ತಿದ್ದವಳು.

"ಇದು ಅಲುಗಿದ ಬೆರಳಲ್ವಾ? ದೋಷ ಅಂತ ಬರೆದು ಮಾರ್ಕ್ಸ್ ತಗೊಂಡಿದೀನಲ್ರೀ ನಾನು!" ಮೆಲ್ಲಗೆ ತಿರುಗಿದಳು. "ಸಾರ್, ನಿಮ್ಮ ಎಡಗೈ ತೋರಿಸಿ ಒಂದ್ಸಲ."

ಅವರು ಎಡಗೈಯನ್ನು ಕೋಟಿನ ಜೇಬಿಗೆ ಇಳಿಬಿಟ್ಟರು. "ಈ ಹೊತ್ತಲ್ಲಿ ಏನಿದೆಲ್ಲ..." ಎಂದರು.

*

ಸ್ಮಶಾನದಲ್ಲಿ ಎಲ್ಲ ಮುಗಿಸಿ ಬಂದಾಗ ಹಿತ್ತಲಲ್ಲಿ ಊಟ ಸಿದ್ಧವಾಗಿತ್ತು. ಅಯಸ್ಕಾಂತರ ಕಾರು ಇನ್ನೂ ಬಂದಿರಲಿಲ್ಲ. ಅವರ ಅಕ್ಕಪಕ್ಕದ ಕುರ್ಚಿಗಳಲ್ಲಿ ಯಾರೂ ಇರಲಿಲ್ಲ.

"ಬೆಳಗ್ಗಿಂದ ಏನೂ ತಿಂದಿಲ್ವಂತೆ ಪಾಪ, ವಯಸ್ಸಾದವರು," ಎಂದಳು ಚಿಕ್ಕಮ್ಮ. "ಕೆಲಸ ತಡವಾದ್ರೆ ಅಕ್ಕ ತನ್ನ ಡಬ್ಬಿಲಿ ಅರ್ಧ ಅವರಿಗೇ ಕಳಿಸ್ತಿದ್ಲು."

"ಗೊತ್ತು. ನಾನೇ ಕೊಡ್ತೀನಿ ಬಿಡು."

ಮಗಳು ಎಲ್ಲಕ್ಕಿಂತ ದೊಡ್ಡ ತಟ್ಟೆಯನ್ನೇ ಆರಿಸಿದಳು. ಬಿಸಿಬಿಸಿಯಾಗಿ ಅಂಚಿನವರೆಗೆ ಬಡಿಸಿದಳು. ಅವರೆದುರು ನಿಂತು ಚಾಚಿದಳು. ಅವರು ಬಲಗೈ ಒಡ್ಡಿದರು. ತಟ್ಟೆ ವಾಲಿತು. ಅವಳು ಬಿಡಲಿಲ್ಲ, ಹಿಂದಕ್ಕೆಳೆದುಕೊಳ್ಳಲೂ ಇಲ್ಲ, ಕಾದಳು. ಆಚೆಯಿಂದ ಸ್ಕ್ಯಾನ್ ಡಾಕ್ಟರು ನೋಡುತ್ತಿದ್ದಳು.

ಕೊನೆಗೆ ಎಡಗೈ ಜೇಬಿನಿಂದ ಹೊರಬಂದು ತಟ್ಟೆಯ ಅಡಿಗೆ ಸೇರಿತು. ಐದೂ ಬೆರಳು ನೆಟ್ಟಗಿದ್ದವು.