ಒಂದು ಬೆರಳಿನಷ್ಟು ಗಿಡ್ಡ

ಒಂದೇ ಕೋಣೆಯ ಅಂಗಡಿ ಅದು. ಬಾಗಿಲಿನ ಎಡಕ್ಕೆ ಕೂತು ಗಂಡ ಬೂಟು ಹೊಲಿಯುತ್ತಿದ್ದ, ಬಲಕ್ಕೆ ಕೂತು ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ಮನುಷ್ಯನ ಕೊರಳಿನಿಂದ ಕೆಳಗಿನದು ಅವಳ ಪಾಲು, ಪಾದ ಅವನ ಪಾಲು. ತಲೆಯೊಂದನ್ನು ಎದುರಂಗಡಿಯ ಕ್ಷೌರಿಕನಿಗೆ ಬಿಟ್ಟುಕೊಟ್ಟಿದ್ದರು. ಮಿಷನ್ ತುಳಿಯುತ್ತ ಅವಳು ದಿನವಿಡೀ ಗುನುಗುತ್ತಿದ್ದಳು. ಹಾಡು ಎಂದು ಅದಕ್ಕೆ ಹೆಸರಿಡಲಾಗದು; ದೇವರಿಗೆ ತಿಳಿದರೆ ಸಾಕು ಎನ್ನುವಂಥ ಗುನುಗು. ಅವನ ಸುತ್ತಿಗೆ ಬೀಳುತ್ತಿದ್ದುದು ಅದರ ಲಯಕ್ಕೇ.

ಒಂದು ಬೆಳಗ್ಗೆ ನೀಲಿ ದಾರ ಮುಗಿಯಿತು.

"ರೀ, ಸೈಕಲ್ ತಗೊಂಡು ಹೋಗಿ ಒಂದು ರೀಲು ತಂದುಬಿಡಿ. ಕೆಲಸ ಅರ್ಧಕ್ಕೇ ನಿಂತಿದೆ" ಎಂದಳು.

ದಾರ ಕೊಂಡು ಬರುವಾಗ, ರಸ್ತೆ ಬದಿಗೆ ನಿಂತಿದ್ದ ಕಾರಿನ ಬಾಗಿಲು ಫಕ್ಕನೆ ತೆರೆದುಕೊಂಡಿತು. ಸೈಕಲ್ ಅಲ್ಲೇ ಉರುಳಿತು, ಅವನು ಅಷ್ಟು ದೂರ ಹೋಗಿ ಬಿದ್ದ. ಬಲ ತೊಡೆಯ ಮೂಳೆ ಚೂರಾಗಿತ್ತು. ಭುಜದ ಎಲುಬು, ಪಕ್ಕೆಲುಬುಗಳಿಗೂ ಪೆಟ್ಟು. ಜೀವ ಮಾತ್ರ ಉಳಿಯಿತು. ಉಳಿಸಿದ ದೇವರಿಗೆ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಕೈಮುಗಿದಳು.

ನರ್ಸ್ ಅವನ ಹರಿದ ಬಟ್ಟೆಗಳ ಪೊಟ್ಟಣ ಕೊಟ್ಟಾಗ ಜೇಬಿನಲ್ಲಿ ನೀಲಿ ರೀಲು ಇತ್ತು. ಅದನ್ನು ತಂದು ಗುಂಡಿ ಡಬ್ಬಿಯ ತಳಕ್ಕೆ ಹಾಕಿ ಮುಚ್ಚಳ ಒತ್ತಿದಳು. ಅಂದಿನಿಂದ ಮಿಷನ್ ಓಡಿತು, ಗುನುಗು ನಿಂತಿತು.

ಅಂಗಡಿಯ ಮೇಲಿನ ಕೋಣೆಯೇ ಅವರ ಮನೆ. ಅಲ್ಲಿ ಹಾಸಿಗೆಯಲ್ಲಿ ಮಲಗಿ ಅವನು ಕೆಳಗಿನ ಸದ್ದಿಗೆ ಕಿವಿಗೊಡುತ್ತಿದ್ದ. ಬರೀ ಮಿಷನ್. ಕಾರಣ ಅವನಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ, ಅವನಿಗೆ ನಿದ್ದೆ ಬಂದಿದೆ ಎಂದುಕೊಂಡು, ಅವಳು ಅವನ ಅಂಗೈಯಲ್ಲಿ ಮುಖವಿಟ್ಟು "ನಾನು ಕಳಿಸದೇ ಇದ್ದಿದ್ರೆ..." ಎಂದು ಅತ್ತಿದ್ದಳು. ಕಾಲಿನ ನೋವಿಗೆ ಮಾತ್ರೆ ಇತ್ತು. ಈ ಮಾತಿಗೆ ಏನಿದೆ?

ಮೂಳೆ ಕೂಡಿತು, ಆದರೆ ಒಂದು ಬೆರಳಿನಷ್ಟು ಗಿಡ್ಡವಾಗಿ ಕೂಡಿತು. ಡಾಕ್ಟರು ಅದನ್ನು ಅವಳಿಗೆ ಮಾತ್ರ ಹೇಳಿದರು. "ಈಗ ಅವರು ಧೈರ್ಯಗೆಡಬಾರದಮ್ಮ. ಧೈರ್ಯಗೆಟ್ಟರೆ ನಡೆಯೋದನ್ನೇ ಬಿಟ್ಟುಬಿಡ್ತಾರೆ." ಅವಳು ಆ ಮಾತನ್ನು ನುಂಗಿಕೊಂಡು ಮನೆಗೆ ಬಂದಳು.

ಚಮ್ಮಾರನಿಗೆ ಇದನ್ನು ಮುಚ್ಚಿಡುವುದುಂಟೇ? ಕೋಲು ಹಿಡಿದು ಕೋಣೆಯೊಳಗೆ ಓಡಾಡಲು ಶುರುಮಾಡಿದ ಮೇಲೆ ಅವನು ತನ್ನ ಚಪ್ಪಲಿಗಳನ್ನು ಮಗುಚಿ ನೋಡಿದ. ಎಡಗಾಲಿನದು ಹಿಮ್ಮಡಿಯಲ್ಲಿ ಸವೆದಿತ್ತು, ಬಲಗಾಲಿನದು ತುದಿಯಲ್ಲಿ. ಊರವರ ಕಾಲುಗಳ ಗುಟ್ಟನ್ನೆಲ್ಲ ಹೀಗೇ ಓದಿದವನು ತನ್ನದನ್ನೂ ಓದಿಕೊಂಡ. ಇದು ಅವಳಿಗೆ ಗೊತ್ತಾದರೆ ಆ ಗುನುಗು ಇನ್ನು ಈ ಜನ್ಮದಲ್ಲಿ ಕೇಳಿಸದು ಎಂದು ಹೆದರಿದ.

"ಕಾಲು ಇನ್ನೂ ಸ್ವಲ್ಪ ಬಿಗಿ ಕಣೇ" ಎನ್ನುತ್ತಿದ್ದ.

"ಹೌದು, ಬಿಗಿ ಅಷ್ಟೇ. ಬಿಟ್ಟುಹೋಗುತ್ತೆ" ಎನ್ನುತ್ತಿದ್ದಳು.

ಇಬ್ಬರೂ ಒಂದೇ ಸುಳ್ಳನ್ನು ಒಬ್ಬರಿಗೊಬ್ಬರು ಬಡಿಸಿಕೊಂಡು ಉಂಡರು. ಮೇಲೆ ಕೂತ ದೇವರು ನಕ್ಕಿರಬೇಕು.

ಅಂಗಡಿಗೆ ಇಳಿಯುವ ದಿನ ನಿಗದಿಯಾಯಿತು. ಅವಳು ಸಂತೆಗೆ ಹೋದಾಗ ಅವನು ಬಲ ಬೂಟಿನ ಒಳಗೆ ಬೆರಳು ದಪ್ಪ ಚರ್ಮ ಅಂಟಿಸಿ, ಮೇಲೊಂದು ಪದರ ಮುಚ್ಚಿದ. ಅವನು ಮಧ್ಯಾಹ್ನ ಮಲಗಿದಾಗ ಅವಳು, ಗಿಡ್ಡ ಕಾಲಿನ ಮೇಲೆ ಪ್ಯಾಂಟು ನೆಲಕ್ಕೆ ಎಳೆದಾಡಿ ಗುಟ್ಟು ರಟ್ಟಾದೀತೆಂದು, ಅವನ ನೀಲಿ ಪ್ಯಾಂಟಿನ ಬಲಗಾಲನ್ನು ಬೆರಳಿನಷ್ಟು ಮೇಲಕ್ಕೆ ಮಡಚಿ ಹೊಲಿದಳು. ಕೆಲಸದಲ್ಲಿ ಇಬ್ಬರೂ ಪಳಗಿದವರು. ಒಂದು ಹೊಲಿಗೆಯೂ ಹೊರಗೆ ಕಾಣುತ್ತಿರಲಿಲ್ಲ.

ಬೆಳಗ್ಗೆ ಅವನು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಅವಳ ಭುಜ ಹಿಡಿದು ಮೆಟ್ಟಿಲಿಳಿದ. ಬೀದಿಯಲ್ಲಿ ನೆಟ್ಟಗೆ ನಿಂತ. ಕ್ಷೌರಿಕ ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಓಡಿಬಂದ.

"ಅಣ್ಣಾ! ಬಂದ್ಯಾ! ಅದ್ಸರಿ, ಇದೇನು, ಒಂದೇ ಕಾಲಲ್ಲಿ ಹೊಳೆ ದಾಟೋಕೆ ಹೊರಟಿದೀಯಾ?"

ಇಬ್ಬರೂ ಒಟ್ಟಿಗೇ ಕೆಳಗೆ ನೋಡಿದರು. ಎಡಗಾಲಿನ ಪ್ಯಾಂಟು ಬೂಟಿನ ಮೇಲೆ ಮಲಗಿತ್ತು. ಬಲಗಾಲಿನದು ಮೇಲೇರಿ ಕಾಲುಚೀಲ ತೋರಿಸುತ್ತಿತ್ತು.

"ಪ್ಯಾಂಟಿಗೆ ಏನಾಯ್ತೇ?"

"ಒಗೆದಾಗ ಕುಗ್ಗಿರಬೇಕು."

"ಒಂದೇ ಕಾಲು ಕುಗ್ತಾ?"

ಗಿಡ್ಡ ಕಾಲು ಸಮ ನಿಂತಿದ್ದು ಹೇಗೆಂದು ಅವಳು ಅವನನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ, ಬೂಟು ಕಳಚಿ ಒಳಗೆ ಕೈ ಹಾಕಿದಳು. ಬೆರಳಿಗೆ ಚರ್ಮದ ದಪ್ಪ ಸಿಕ್ಕಿತು. ಅವನತ್ತ ನೋಡಿದಳು.

"ಯಾವಾಗಿಂದ ಗೊತ್ತು ನಿಮಗೆ?"

"ನಿಂಗೆ?"

"ಡಾಕ್ಟರು ಹೇಳಿದ್ರು."

"ನಂಗೆ ಚಪ್ಪಲಿ ಹೇಳ್ತು."

ಅವನಿಗೆ ನಗು ಬಂತು. ಪಕ್ಕೆ ಹಿಡಿದುಕೊಂಡು "ಅಯ್ಯೋ, ನಗಿಸಬೇಡ್ವೇ, ನೋಯುತ್ತೆ" ಎಂದ. ಅವಳೂ ನಗತೊಡಗಿದವಳು ಅಳುವಿಗೆ ಬಂದು ನಿಂತಳು. ಕ್ಷೌರಿಕನಿಗೆ ತನ್ನ ಅರ್ಧ ಗಡ್ಡದ ಗಿರಾಕಿ ನೆನಪಾಯಿತು.

"ಬಿಚ್ಚಿ ಮೊದಲಿನ ಹಾಗೇ ಮಾಡು. ಬೂಟು ನನ್ನನ್ನ ಸಮ ಮಾಡಿದೆ" ಎಂದ ಗಂಡ.

ಗಿರಾಕಿಯೊಬ್ಬರ ಪರದೆ ಬಟ್ಟೆ ಸುತ್ತಿಕೊಂಡು ಅವನು ಕೂತ. ಅವಳು ಮಡಿಕೆ ಬಿಚ್ಚಿ, ಮಿಷನ್ನಿಗೆ ಕಪ್ಪು ದಾರ ಹಾಕಲು ಹೊರಟಳು.

"ಕಪ್ಪು ಬೇಡ. ಅವತ್ತು ನಾನು ತಂದಿದ್ದೆಲ್ಲಿ?"

ಅವಳ ಕೈ ನಿಂತಿತು. "ಅದನ್ನ ಮುಟ್ಟೋಕೆ ಕೈ ಬರಲ್ಲ ರೀ. ನಾನು ಕಳಿಸದೇ ಇದ್ದಿದ್ರೆ..."

"ನೀನು ಕಳಿಸಿದ್ದು ದಾರಕ್ಕೆ, ತಂದಿದೀನಿ. ಅಷ್ಟು ಬಿದ್ದರೂ ಜೇಬಿಂದ ಬಿಟ್ಟೆನಾ? ನನ್ನ ಕೆಲಸ ಆಯ್ತು, ನಿಂದೇ ಬಾಕಿ. ನೀನು ಹೊಲೀದೇ ಇದ್ರೆ ನಾನು ಸುಮ್ಮಸುಮ್ಮನೆ ಬಿದ್ದಂಗಾಗುತ್ತೆ."

ಅವಳು ಗುಂಡಿ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಮುಚ್ಚಳ ತೆಗೆದಳು. ರೀಲಿನ ಹೊರಸುತ್ತಿಗೆ ರಸ್ತೆಯ ಧೂಳು ಅಂಟಿತ್ತು. ಅಷ್ಟನ್ನು ಬಿಚ್ಚಿ ತೆಗೆದಳು. ಒಳಗಿನ ದಾರ ಹೊಸದಾಗಿಯೇ ಇತ್ತು. ಕಣ್ಣು ಮಂಜಾಗಿ ಸೂಜಿಗೆ ಪೋಣಿಸಲಾಗಲಿಲ್ಲ. ಅವನು ಪರದೆ ಸಾವರಿಸಿಕೊಂಡು, ಸ್ಟೂಲನ್ನು ಹತ್ತಿರಕ್ಕೆ ಸರಿಸಿ, ಬಗ್ಗಿ ತಾನೇ ಪೋಣಿಸಿಕೊಟ್ಟ.

ಮಿಷನ್ ಓಡತೊಡಗಿತು. ಬಟ್ಟೆ ತಿರುಗಿಸುವ ಹೊತ್ತಿಗೆ ಅವಳ ಗಂಟಲಿನಿಂದ ಗುನುಗಿನ ಒಂದು ಎಳೆ ಹೊರಬಂತು, ನಿಂತಿತು, ಮತ್ತೆ ಬಂತು. ಅವನು ತಲೆಯೆತ್ತಲಿಲ್ಲ, ನೋಡಿದರೆ ಎಲ್ಲಿ ನಿಂತುಹೋದೀತೋ ಎಂಬ ಅಂಜಿಕೆ. ಧೂಳು ಹಿಡಿದಿದ್ದ ಸುತ್ತಿಗೆಯನ್ನು ಕೈಗೆತ್ತಿಕೊಂಡು, ಯಾವ ಬೂಟೂ ಇಲ್ಲದೆ, ಚರ್ಮ ಬಡಿಯುವ ಬರಿಯ ಕಲ್ಲಿನ ಮೇಲೆ, ಅವಳ ಲಯಕ್ಕೆ ಸರಿಯಾಗಿ, ಮೆಲ್ಲಗೆ ಬಡಿಯತೊಡಗಿದ.