ಮೋಡ ಬಂದ ದಿನದ ಬಣವೆ

ಕೊಯ್ಯುವ ಯಂತ್ರದವನು ಹುಲ್ಲುಗಾವಲಿನ ಅಂಚಿನಲ್ಲೇ ಇಳಿದು, ಬಗ್ಗಿ, ಹುಲ್ಲಿಗೆ ಅಂಗೈ ಚಾಚಿ ಅಳೆದ. ಗೇಣುದ್ದವೂ ಇರಲಿಲ್ಲ.

"ಅಕ್ಕಾ, ಇದಕ್ಕೆ ಯಂತ್ರ ಇಳಿಸಿದ್ರೆ ಸಿಗೋದು ಬರೀ ಮಣ್ಣು," ಎಂದವನು ಬಂದ ದಾರಿ ಹಿಡಿದ.

ಸೊಸೆಗೆ ದಿಕ್ಕು ತೋಚಲಿಲ್ಲ. ಗಂಡ ದಿನವಿಡೀ ಹಸುಗಳನ್ನು ದೂರದ ಹೊಳೆಗೆ ನೀರಿಗೆ ಹೊಡೆದುಕೊಂಡು ಹೋಗುತ್ತಿದ್ದ. ಉಳಿದವರು ತಾನು ಮತ್ತು ಅತ್ತೆ. ಅತ್ತೆಯ ಮಂಡಿಯೋ, ಕೂತರೆ ಏಳದು, ಎದ್ದರೆ ಕೂರದು.

"ಕೂತ್ಕೊಂಡೇ ಕೊಯ್ತೀನಿ ಬಿಡೇ," ಎಂದಳು ಅತ್ತೆ. "ಏಳೋ ಕೆಲಸ ನಿಂದು."

ಗಿಡ್ಡ ಹುಲ್ಲು ಒಣಗಿದ್ದರೆ ಕುಡುಗೋಲಿಗೆ ಸಿಕ್ಕದೆ ಜಾರುತ್ತದೆ, ಇಬ್ಬನಿಯಿದ್ದರೆ ಅಲಗು ಹಿಡಿಯುತ್ತದೆ. ಆದ್ದರಿಂದ ಬೆಳಕು ಹರಿಯುತ್ತಲೇ ಇಬ್ಬರೂ ಕೆಲಸಕ್ಕಿಳಿದರು. ಅತ್ತೆ ತೆವಳುತ್ತ ಕೊಯ್ದಳು, ಸೊಸೆ ಕೊಯ್ದದ್ದನ್ನು ಬಿಸಿಲಿಗೆ ಹರಡಿದಳು.

ಆರನೆಯ ದಿನ ಮಧ್ಯಾಹ್ನ, ಅತ್ತೆ ಮಲಗಿದ್ದಾಗ, ಮೋಡ ಕವಿಯಿತು. ಎಂಟು ತಿಂಗಳಿಂದ ಬಾ ಬಾ ಎಂದು ಕರೆದಿದ್ದ ಮೋಡವನ್ನೇ ಸೊಸೆ ಅಂದು "ನಿನ್ನ ದಮ್ಮಯ್ಯ, ನಾಳೆ ಬಾ" ಎಂದು ಬೇಡಿಕೊಂಡಳು. ಬೆಳಿಗ್ಗೆ ಕೊಯ್ದದ್ದು ಇನ್ನೂ ಹಸಿ. ಯೋಚಿಸುವ ವ್ಯವಧಾನವಿಲ್ಲದೆ ಎಲ್ಲವನ್ನೂ ಬಾಚಿ ಹೊತ್ತು, ಕೊಟ್ಟಿಗೆಯೊಳಗೆ ಬಣವೆ ಒಟ್ಟಿ ತುಳಿದಳು. ಮೋಡ ನಾಲ್ಕು ಹನಿ ಉದುರಿಸಿ ದಾಟಿಹೋಯಿತು.

ಎರಡು ವಾರದ ಮೇಲೆ ಕೊಟ್ಟಿಗೆಯಲ್ಲಿ ಸಕ್ಕರೆ ಸೀದಂಥ ವಾಸನೆ. ಸೊಸೆ ಬಣವೆಯೊಳಗೆ ಕೈ ತೂರಿಸಿದಳು, ಚುರ್ ಎಂದಿತು. ಹೇಳಲು ನಾಲಿಗೆ ಏಳದು, ಹೇಳದೆ ವಿಧಿಯಿಲ್ಲ.

"ಅತ್ತೆ, ಅವತ್ತು ಹಸಿ ಹುಲ್ಲನ್ನೂ ಸೇರಿಸಿಬಿಟ್ಟೆ. ಆ ಹಸಿಗೇ ಒಳಗೆ ಬಿಸಿಯೇರಿ ಕಾಯ್ತಿದೆ."

ಅತ್ತೆಗೆ ಬೈಯಲೂ ಪುರುಸೊತ್ತಿರಲಿಲ್ಲ. "ಬೆಂಕಿ ಹತ್ಕೊಳ್ಳೋಕೆ ಮುಂಚೆ ಕಿತ್ತು ಹಾಕು. ನೀರು ತಂದಿಟ್ಕೋ!"

ಕುಡಿಯಲು ಇಟ್ಟಿದ್ದ ಎರಡೇ ಕೊಡ ನೀರು ಕೊಟ್ಟಿಗೆಗೆ ಬಂತು. ಸೊಸೆ ಎಳೆದೆಳೆದು ಹೊರಗೆಸೆದಳು, ಅತ್ತೆ ಕೋಲಿನಿಂದ ಕೆದರಿದಳು. ನಡುವಿನದು ಕಪ್ಪಾಗಿ ಹೊಗೆಯಾಡುತ್ತಿತ್ತು. ಅದಕ್ಕೆ ಒಂದು ಕೊಡ ಸುರಿದರು.

ಸಂಜೆ ಗಂಡ ಬಂದು ಅಂಗಳದ ತುಂಬ ಹುಲ್ಲು ಕಂಡು, "ಏನಿದು?" ಎಂದ.

"ನಾವು ಸ್ವಲ್ಪ ಅವಸರ ಮಾಡಿದ್ವಿ ಕಣೋ," ಎಂದಳು ಅತ್ತೆ.

ಸೊಸೆ ಕೈಯಲ್ಲಿದ್ದ ಹುಲ್ಲನ್ನು ಕೆಳಗಿಟ್ಟಳು. "ನಾವಲ್ಲ, ನಾನು," ಎಂದಳು.

ಮೂರರಲ್ಲೊಂದು ಪಾಲು ಹಾಳಾಗಿತ್ತು. ಐದು ಹಸುಗಳಲ್ಲಿ ಎರಡನ್ನು ಮಳೆ ಹಿಡಿಯುವ ತನಕ ಹೊಳೆಯಾಚೆಯ ನಾದಿನಿಯ ಮನೆಗೆ ಕಳಿಸಿದರು. ಅವು ಹೊರಟಾಗ ಸೊಸೆ ಅತ್ತಳು. ಹಾಳಾಗದೆ ಉಳಿದರೂ ಕಂದುಬಣ್ಣಕ್ಕೆ ತಿರುಗಿದ್ದ ಹುಲ್ಲನ್ನು ಮಿಕ್ಕ ಮೂರು ಮುಟ್ಟುತ್ತವೋ ಇಲ್ಲವೋ ಎಂಬ ಅಳುಕು ಬೇರೆ. ಅವು ಮೂಸಿ, ಒಂದನ್ನೊಂದು ತಳ್ಳಿಕೊಂಡು ತಿಂದವು.

"ನೋಡೇ," ಎಂದಳು ಅತ್ತೆ, "ನೀನು ಸೀಯಿಸಿದ್ದನ್ನ ಇಷ್ಟಪಟ್ಟು ತಿನ್ನೋರು ಈ ಮನೇಲಿ ಇವೇ ಮೊದಲು."