ಫಕ್ಕೀರವ್ವ ಅಳಲಿಲ್ಲ

“ಹೆಣದ ಮುಂದ ಕುಂತು ಬಾಯಿಗಿ ಬೀಗ ಹಾಕ್ಕೊಂಡಿಯೇನಬೇ, ರಂಡಿ? ಅಳು.”

ಗೌಡನ ಮಗ ಗವಿಸಿದ್ದೇಶ ಹೀಗೆ ಬಯ್ದದ್ದು ಅಂಗಳದ ಮಣ್ಣಲ್ಲಿ ಕುಳಿತಿದ್ದ ಫಕ್ಕೀರವ್ವನಿಗೆ. ಪಡಸಾಲೆಯಲ್ಲಿ ಗೌಡನ ಹೆಣವನ್ನು ಕುರ್ಚಿಗೆ ಕಟ್ಟಿ ಕೂರಿಸಿ, ಹಣೆತುಂಬ ವಿಭೂತಿ ಬಳಿದಿದ್ದರು. ಸತ್ತರೂ ಗತ್ತು ಇಳಿದಿರಲಿಲ್ಲ. ಆ ಮನೆಯಲ್ಲಿ ಸಾವಾದರೆ ಕೇರಿಯ ಹೆಂಗಸರು ಬಂದು, ಸತ್ತವನ ಹೆಸರು ಹಿಡಿದು ಹಾಡ್ಯಾಡಿ ಅಳಬೇಕು. ಮೊದಲ ಸೊಲ್ಲು ಫಕ್ಕೀರವ್ವನ ಮನೆತನದ್ದು. ಅವಳು ಬಾಯಿ ತೆಗೆಯದೆ ಉಳಿದವರು ತೆಗೆಯುವಂತಿಲ್ಲ.

ಫಕ್ಕೀರವ್ವನೋ ಅಳುವಂತಿಲ್ಲ. ಮಿದುಳಿಗೆ ರಕ್ತ ಒಯ್ಯುವ ನಾಳಗಳು ವರ್ಷಗಳಿಂದ ಒಂದೊಂದೇ ಮುಚ್ಚುತ್ತ ಬಂದಿದ್ದವು. ಗದಗಿನ ಡಾಕ್ಟರು ಬೆಂಗಳೂರಿಗೆ ಬರೆದುಕೊಟ್ಟಿದ್ದರು. ಅಲ್ಲಿ ತಲೆಬುರುಡೆ ತೆರೆದು, ಕಿವಿಯ ಮುಂದಿನ ರಕ್ತನಾಳವನ್ನು ಮಿದುಳಿನ ಮೇಲಿನ ಕೂದಲೆಳೆಯಂಥ ನಾಳಕ್ಕೆ ಹೊಲಿದರು. ಕಾಲುವೆ ಕಟ್ಟಿಕೊಂಡಿದೆ, ಪಕ್ಕದ ಹೊಲದಿಂದ ನೀರು ತಿರುಗಿಸಿದ್ದೇವೆ ಎಂದು ನರ್ಸಮ್ಮ ತಿಳಿಯುವಂತೆ ಹೇಳಿದ್ದಳು. ಗಂಟಲು ಒಣಗಬಾರದು, ಬಿಸಿಯದನ್ನು ಊದಬಾರದು, ಬಿಕ್ಕಿ ಬಿಕ್ಕಿ ಅಳಲೇಬಾರದು. ಉಸಿರು ಏರಿದರೆ ನಾಳ ಬಿಗಿಯುತ್ತದೆ, ಕೈ ಹೋಗುತ್ತದೆ, ಮಾತು ಹೋಗುತ್ತದೆ. ಆಪರೇಷನ್ನಿಗೆ ಒಯ್ಯುವಾಗ ಅವಳು ಹೆದರಿ ಅತ್ತರೆ, ನರ್ಸಮ್ಮ ಅಳು ನಿಲ್ಲುವತನಕ ಕೈ ಹಿಡಿದು ಕುಳಿತಿದ್ದಳು. ಅಷ್ಟು ಮೆತ್ತಗೆ ಅವಳ ಕೈಯನ್ನು ಅದುವರೆಗೆ ಯಾರೂ ಹಿಡಿದಿರಲಿಲ್ಲ.

“ನಮ್ಮಪ್ಪ ಸಹಿ ಮಾಡಿದ್ದಕ್ಕ ದವಾಖಾನಿ ಕಂಡಿ,” ಅಂದ ಗವಿಸಿದ್ದೇಶ. “ಆ ಋಣಕ್ಕರೆ ಎರಡು ಹನಿ ಉದುರಸು.”

ಸಹಿಯೇನೋ ಮಾಡಿದ್ದ ಗೌಡ. ಬಡವರಿಗೆ ಪುಕ್ಕಟೆ ಚಿಕಿತ್ಸೆ ಕೊಡಿಸುವ ಆಸ್ಪತ್ರೆ ಕಾರ್ಡಿಗೆ ಬೇಕಾದ ಕಾಗದವನ್ನು ದಿಂಬಿನಡಿ ಇಟ್ಟುಕೊಂಡು, ಮೊದಲು ಮೆಣಸಿನಕಾಯಿ ಬಿಡಿಸಿ ಮುಗಿಸು ಎಂದಿದ್ದ. ಒಂಬತ್ತನೆಯ ದಿನ ಹೊಲದಲ್ಲೇ ಅವಳ ಎಡಗೈ ಜೋತುಬಿತ್ತು. ಮೂರು ಬೆರಳು ಇವತ್ತಿಗೂ ಸ್ವಾಧೀನಕ್ಕೆ ಬಂದಿಲ್ಲ.

ಆಪರೇಷನ್ನಾಗಿ ಎರಡು ತಿಂಗಳಿಗೆ ಅವಳ ಗಂಡ ಗಾಳೆಪ್ಪ ಗೌಡನ ಬೋರಿನ ಮೋಟಾರು ಮುಟ್ಟಿ ಕರೆಂಟು ಹೊಡೆದು ಸತ್ತ. ಪೊಲೀಸರಿಗೆ ಖಬರು ಹೋಗಬಾರದು, ಸದ್ದಿಲ್ಲದೆ ಮಣ್ಣು ಮಾಡಿ ಎಂದು ಗೌಡನ ಅಪ್ಪಣೆಯಾಯಿತು. ಕೇರಿಯ ಹೆಂಗಸರು ಬಾಗಿಲು ಹಾಕಿಕೊಂಡು ಅತ್ತರು. ಫಕ್ಕೀರವ್ವ ಹಾಗೆಯೂ ಅಳಲಿಲ್ಲ. ಗಾಳೆಪ್ಪನ ತಂಗಿ ಸಾವಿತ್ರೆವ್ವ, ಇವಳ ಎದೆಯಲ್ಲಿರುವುದು ಕಲ್ಲು ಎಂದು ಮಾತು ಬಿಟ್ಟಳು. ಆಮೇಲೆ ಫಕ್ಕೀರವ್ವನ ಹೊಸ್ತಿಲು ತುಳಿದವರಿಲ್ಲ. ಒಬ್ಬಳೇ ಬೇಯಿಸಿ ಒಬ್ಬಳೇ ಉಂಡಳು. ಅಳು ಒತ್ತಿ ಬಂದಾಗ ನೀರು ಕುಡಿದು ನುಂಗಿದಳು. ಗಂಡನಿಗಾಗಿ ಅಳಲೂ ಬಾರದ ಬಾಳು ಎಂಥ ಬಾಳೆಂದು ಎಷ್ಟೋ ಸಲ ಅನಿಸಿತ್ತು.

“ಅಳ್ತಿಯೋ, ಕೇರಿ ಬಿಡ್ತಿಯೋ?” ಗವಿಸಿದ್ದೇಶ ಮತ್ತೆ ಗದರಿದ.

ಫಕ್ಕೀರವ್ವ ಬಲಗೈ ಊರಿ ಎದ್ದಳು. “ಗಂಡಗ ಅಳಲಿಲ್ಲರಿ ನಾ. ಅವಗ ಕೊಡದ ಅಳು ನಿಮ್ಮಪ್ಪಗ ಕೊಡಂಗಿಲ್ಲ.”

ಅವನು ಕೈ ಎತ್ತಿದ. ಅವಳು ಕಿವಿಯ ಮುಂದಿನ ಹೊಲಿಗೆಯನ್ನಷ್ಟೇ ಅಂಗೈಯಿಂದ ಮುಚ್ಚಿಕೊಂಡಳು. ಏಟು ಬೆನ್ನಿಗೆ ಬಿತ್ತು. ಮುಗ್ಗರಿಸಿ, ಸಾವರಿಸಿಕೊಂಡು, ಅಂಗಳ ದಾಟಿ ನಡೆದಳು. ಕೇರಿಯ ಹೆಂಗಸರು ನೆಲ ನೋಡುತ್ತ ಕುಳಿತಿದ್ದರು. ಒಬ್ಬಳೂ ಜೊತೆಗೆ ಏಳಲಿಲ್ಲ.

ಅಗಸಿ ಬಾಗಿಲ ಹತ್ತಿರ ಬಂದಾಗ ಹಿಂದಿನಿಂದ ಅಳು ಎದ್ದಿತು. ಸಾವಿತ್ರೆವ್ವನ ದನಿ. ಹೊಟ್ಟೆಪಾಡು, ಗೌಡನಿಗೆ ಅಳುತ್ತಾಳೆ ಪಾಪ, ಅಂದುಕೊಂಡಳು. ಆಮೇಲೆ ಹೆಸರು ಕಿವಿಗೆ ಬಿತ್ತು.

“ಗಾಳೆಪ್ಪಣ್ಣಾ, ನನ್ನ ಒಡಹುಟ್ಟಿದವನ, ಇವರ ಮೋಟಾರ ಹಿಡದು ಹ್ವಾದೆಲ್ಲೋ…”

ಬಾಯಿ ಮುಚ್ಚಿ ಎಂದು ಗವಿಸಿದ್ದೇಶ ಒದರಿದ. ಇನ್ನೊಂದು ದನಿ ಕೂಡಿತು. ಮತ್ತೊಂದು. ನೋಡನೋಡುತ್ತ ಅಂಗಳಕ್ಕೆ ಅಂಗಳವೇ ಗಾಳೆಪ್ಪನ ಹೆಸರು ಹಿಡಿದು ಅಳತೊಡಗಿತು.

ಫಕ್ಕೀರವ್ವನ ಎದೆ ಉಬ್ಬಿ ಬಂತು, ಬಾಯಿ ತೆರೆಯಿತು. ಎಡಗೈ ಜುಮ್ಮೆಂದಿತು. ಅವಳು ತುಟಿ ಬಿಗಿದು ಅಗಸಿಯ ಗೋಡೆಗೆ ಒರಗಿ ಕುಳಿತಳು. ಕಣ್ಣು ಮುಚ್ಚಿ, ಉಸಿರನ್ನು ಮೆಲ್ಲಗೆ ಒಳಗೆಳೆದು, ಮೆಲ್ಲಗೆ ಬಿಟ್ಟಳು.